ನನ್ನ ಹೆಸರು ಅಮಾನ್ಯವೇ, ಸಾರ್?

ಆತ್ಮೀಯ ಹೆತ್ತವರೇ,

ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆಂಬುದನ್ನು ಬಲ್ಲೆ. “ಇಷ್ಟರವರೆಗೆ ಆಯಿತು, ಜೂನಿನಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ. ಇನ್ನು ಎಲ್ಲವೂ ಕಂಪ್ಯೂಟರ್. ಕಂಪ್ಯೂಟರಿಗೆ ಕನ್ನಡ ಬರುತ್ತದೆಯೇ?” ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೂರು ದಶಕ ದುಡಿದು, ಕೊನೆಯ ಕೆಲವು ವರ್ಷ ಮುಖ್ಯೋಪಾಧ್ಯಾಯನಾಗಿದ್ದವನು ನಾನು. ಮೇಜಿನ ಆಚೆ ಬದಿಯಲ್ಲಿ ಕುಳಿತ ತಂದೆತಾಯಿಗಳ ಬಾಯಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಸಂವಿಧಾನದ 350ಎ ವಿಧಿಯನ್ನೂ ಮಾತೃಭಾಷಾ ಶಿಕ್ಷಣದ ಮಹತ್ತ್ವವನ್ನೂ ವಿವರಿಸಿ, ಕೊನೆಗೆ ಟಿ.ಸಿ.ಗೆ ಸಹಿ ಹಾಕಿ ಕೊಟ್ಟಿದ್ದೇನೆ. ನಾನು ಹೇಳಿದ್ದು ಸತ್ಯವೇ ಆಗಿತ್ತು. ಆದರೆ ಅವರ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಅವರು ಕೇಳಿದ್ದು ಕಂಪ್ಯೂಟರಿನ ಬಗ್ಗೆ. ಆ ವಿಷಯದಲ್ಲಿ ನನಗೇ ಏನೂ ತಿಳಿದಿರಲಿಲ್ಲ.

ನಿವೃತ್ತನಾದ ಮೇಲೆ, ಕಳೆದ ಮಳೆಗಾಲದಲ್ಲಿ, ಆ ಪ್ರಶ್ನೆಯ ಉತ್ತರದ ಒಂದು ಪಾಲು ನನಗೆ ದೊರೆಯಿತು. ಅದನ್ನು ತಮ್ಮ ಮುಂದಿಡುವುದಕ್ಕಾಗಿ ಈ ಟಿಪ್ಪಣಿ. ಸ್ವಲ್ಪ ದೀರ್ಘವಾಗಿದೆ, ಸಾವಧಾನದಿಂದ ಓದಬೇಕಾಗಿ ವಿನಂತಿ.

ಮಂಜೇಶ್ವರ ತಾಲೂಕಿನ ನಮ್ಮೂರಿನ ವಾಚನಾಲಯದಲ್ಲಿ ಎರಡು ಹಳೆಯ ಕಂಪ್ಯೂಟರುಗಳಿವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬೆಂಗಳೂರಿನಲ್ಲಿ ಇಂಜಿನಿಯರ್, ತಂದೆಯ ಅಸೌಖ್ಯದ ನಿಮಿತ್ತ ಮೂರು ತಿಂಗಳು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಸಂಜೆಯ ಹೊತ್ತು ಮಕ್ಕಳಿಗೆ ಏನಾದರೂ ಕಲಿಸಬೇಕೆಂದು ಅವನಿಗೆ ಆಸೆ. ಒಂಬತ್ತನೆಯ ತರಗತಿಯ ಮೂವರು ಮಕ್ಕಳು ಬಂದರು, ಇಬ್ಬರು ಹುಡುಗರು ಮತ್ತು ಒಬ್ಬಳು ಹುಡುಗಿ. ಒಬ್ಬನ ಮನೆಮಾತು ಹವ್ಯಕ, ಇನ್ನೊಬ್ಬನದು ಬ್ಯಾರಿ, ಹುಡುಗಿಯದು ತುಳು. ನಮ್ಮ ಕಡೆ ಕನ್ನಡ ಮಾಧ್ಯಮವೆಂದರೆ ಹೀಗೆಯೇ. ಹಲವು ಮನೆಮಾತುಗಳ ಮಕ್ಕಳು ಬಂದು ಕೂಡುವ ಚಾವಡಿ ಅದು. ಹುಡುಗಿಯ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುವವರು. ಮುಂದಿನ ಜೂನಿನಲ್ಲಿ ಟಿ.ಸಿ. ಪಡೆಯುವುದೆಂದು ಅವರು ಆಗಲೇ ನಿಶ್ಚಯಿಸಿಬಿಟ್ಟಿದ್ದರು. ಮಕ್ಕಳ ಮೇಲೆ ಕಣ್ಣಿಡುವ ನೆಪದಲ್ಲಿ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆ.

ಏನು ಮಾಡೋಣವೆಂದು ಅವನು ಕೇಳಿದಾಗ ಮಕ್ಕಳು ಒಕ್ಕೊರಲಿನಿಂದ “ವಾಟ್ಸ್ಆ್ಯಪಿನ ಹಾಗೆ ಒಂದು” ಎಂದರು. ಅಷ್ಟು ದೊಡ್ಡದಾಗದು, ಆದರೆ ಹೆಸರು ನೋಂದಾಯಿಸಿ, ಗುಪ್ತಪದ ಹಾಕಿ ಒಳಬಂದು, ಒಬ್ಬರು ಬರೆದದ್ದು ಇನ್ನೊಬ್ಬರ ಪರದೆಯಲ್ಲಿ ಆ ಕ್ಷಣವೇ ಕಾಣುವ ಒಂದು ಪುಟ್ಟ ಹರಟೆಕಟ್ಟೆ ಸಾಧ್ಯವೆಂದು ಅವನು ಒಪ್ಪಿಕೊಂಡ. ಅದಕ್ಕೆ ‘ಚಾವಡಿ’ ಎಂಬ ಹೆಸರಾಯಿತು. ವಾಚನಾಲಯದ ವೈಫೈ ವ್ಯಾಪ್ತಿಯೊಳಗೆ ಮಾತ್ರ ನಡೆಯತಕ್ಕದ್ದು, ಹೊರಲೋಕದ ಅಂತರ್ಜಾಲಕ್ಕೆ ತೆರೆಯಬಾರದು, ಯಾರ ದೂರವಾಣಿ ಸಂಖ್ಯೆಯನ್ನೂ ಕೇಳಬಾರದು ಎಂಬ ಕಟ್ಟಳೆಯನ್ನು ನಾನು ಹಾಕಿದೆ. ಬೇಕಾದ ತಂತ್ರಾಂಶಗಳೆಲ್ಲ ಉಚಿತವಾಗಿಯೇ ದೊರೆತವು: ಸರ್ವರ್ ನಡೆಸುವುದಕ್ಕೆ 2009ರಲ್ಲಿ ಬಂದ ನೋಡ್ ಜೆಎಸ್, ಸಂದೇಶ ಸಾಗಿಸುವುದಕ್ಕೆ ಸಾಕೆಟ್ ಐಓ, ಹೆಸರುಗಳನ್ನು ಇರಿಸುವುದಕ್ಕೆ ಎಸ್‌ಕ್ಯೂಲೈಟ್. ನಾಲ್ಕು ದಿನಗಳಲ್ಲಿ ಈ ಶಬ್ದಗಳು ನನ್ನ ಬಾಯಲ್ಲೂ ನಲಿಯತೊಡಗಿದವು.

ಮೊದಲ ಪಾಠವೇ ನನಗೆ ಹೊಸತು. ಸಾಮಾನ್ಯ ಜಾಲಪುಟವೆಂದರೆ ರೇಷನ್ ಅಂಗಡಿಯ ಕಿಟಕಿಯಿದ್ದಂತೆ ಎಂದ ಇಂಜಿನಿಯರ್. ನೀವು ಹೋಗಿ ಕೇಳಬೇಕು, ಒಳಗಿನವರು ಕೊಡುತ್ತಾರೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಸಕ್ಕರೆ ಬಂದಿದೆಯೆಂದು ಅವರಾಗಿ ನಿಮ್ಮ ಮನೆಗೆ ಬಂದು ಹೇಳುವ ಪದ್ಧತಿಯಿಲ್ಲ. ಹಾಗಾದರೆ ಗೆಳೆಯನ ಸಂದೇಶ ಬಂದದ್ದು ತಿಳಿಯುವುದು ಹೇಗೆ? ಎರಡು ಸೆಕೆಂಡಿಗೊಮ್ಮೆ ಕಿಟಕಿಗೆ ಹೋಗಿ “ಬಂತೇ? ಬಂತೇ?” ಎಂದು ಕೇಳುವುದು ಒಂದು ಉಪಾಯ. ಮಕ್ಕಳು ಮೊದಲು ಮಾಡಿದ್ದು ಅದನ್ನೇ. ಮೂವರಿದ್ದಾಗ ನಡೆಯಿತು, ಹತ್ತು ಮಂದಿ ಸೇರಿದಾಗ ಹಳೆಯ ಯಂತ್ರ ಏದುಸಿರು ಬಿಟ್ಟಿತು. ಎರಡನೆಯ ಉಪಾಯವೇ ವೆಬ್‌ಸಾಕೆಟ್. 2011ರಲ್ಲಿ ಅದಕ್ಕೆ ಸರ್ವಸಮ್ಮತ ನಿಯಮಾವಳಿ ಬಂದಿತಂತೆ. ಕಿಟಕಿಗೆ ಒಮ್ಮೆ ಹೋಗಿ, “ಇನ್ನು ಮುಂದೆ ಬಾಗಿಲು ತೆರೆದೇ ಇರಲಿ” ಎಂದು ಕೇಳುವುದು; ಒಳಗಿನವರು ಒಪ್ಪಿದರೆ 101 ಎಂಬ ಸಂಖ್ಯೆಯ ಉತ್ತರ ಬರುವುದು; ಅಲ್ಲಿಂದ ಮುಂದೆ ಇಬ್ಬರೂ ಬೇಕಾದಾಗ ಮಾತನಾಡಬಹುದು. ಈ ವಿವರಣೆ ಆದದ್ದು ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ. ಮಕ್ಕಳ ಮುಖದಲ್ಲಿ ಅರ್ಥವಾದ ಬೆಳಕು ಕಂಡಿತು. ಮೂವತ್ತು ವರ್ಷ ಅದನ್ನೇ ಹುಡುಕಿದವನಿಗೆ ಅದನ್ನು ಗುರುತಿಸುವುದು ಕಷ್ಟವೇನಲ್ಲ.

ಮೂರನೆಯ ವಾರ ನೋಂದಣಿ ಪುಟ ಸಿದ್ಧವಾಯಿತು. ಇಂಜಿನಿಯರ್ ಎಲ್ಲಿಂದಲೋ ಒಂದು ಮಾದರಿ ಪುಟವನ್ನು ತಂದು ಕೊಟ್ಟಿದ್ದ. ಹುಡುಗಿ ಮೊದಲಿಗೆ ತನ್ನ ಹೆಸರನ್ನು ಕನ್ನಡದಲ್ಲಿ ಒತ್ತಿದಳು. ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಅವಳು ಅದನ್ನು ಓದಿ, ಅರ್ಥ ಮಾಡಿಕೊಂಡು, ಹಿಂದಿರುಗಿ ನೋಡಿ ಕೇಳಿದಳು: “ನನ್ನ ಹೆಸರು ಅಮಾನ್ಯವೇ, ಸಾರ್?”

ಹೆತ್ತವರೇ, ಆ ಪ್ರಶ್ನೆ ನನ್ನನ್ನು ಕುಳಿತಲ್ಲಿಂದ ಎಬ್ಬಿಸಿತು. ಅದಕ್ಕೆ ಕಾರಣವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ.

ತೊಂಬತ್ತರ ದಶಕದಲ್ಲಿ ನಾನು ತರಗತಿ ಅಧ್ಯಾಪಕನಾಗಿದ್ದಾಗ ಹತ್ತನೆಯ ತರಗತಿಯ ಹೆಸರುಪಟ್ಟಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಬೇಕಿತ್ತು. ಗಡುವಿನ ದಿನ ಅವಸರದಲ್ಲಿ ಬರೆದೆ. ಒಬ್ಬಳು ವಿದ್ಯಾರ್ಥಿನಿಯ ಹೆಸರಿನ ದೀರ್ಘಾಕ್ಷರವೊಂದನ್ನು ಹ್ರಸ್ವ ಮಾಡಿಬಿಟ್ಟೆ. ಅವಳು ಗಮನಿಸಿ ಹೇಳಿದಳು ಕೂಡ. “ಓದುವಾಗ ಒಂದೇ ಅಲ್ಲವೇ, ಪರವಾಗಿಲ್ಲ” ಎಂದೆ. ಆರು ವರ್ಷಗಳ ಬಳಿಕ ಅವಳು ತಂದೆಯೊಡನೆ ನನ್ನ ಮನೆಗೆ ಬಂದಳು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಒಂದು ಹೆಸರು, ಬೇರೆ ದಾಖಲೆಗಳಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಎಂದು ಸಾಧಿಸಲು ಅರ್ಜಿ, ಅಫಿದವಿತ್, ಗೆಜೆಟ್ ಎಂದು ಅಲೆದಾಡುತ್ತಿದ್ದರು. ಎಲ್ಲ ಸರಿಯಾಗುವಷ್ಟರಲ್ಲಿ ಅವಳು ಬಯಸಿದ್ದ ಉದ್ಯೋಗದ ಗಡುವು ದಾಟಿತ್ತು. ಯಾವ ಇಲಾಖೆಯನ್ನೂ ಇದಕ್ಕೆ ದೂರಲಾರೆ. ಕನ್ನಡ ಎಂ.ಎ. ಓದಿದ, ಹ್ರಸ್ವದೀರ್ಘಗಳನ್ನು ಊರಿಗೆಲ್ಲ ಬೋಧಿಸುತ್ತಿದ್ದ ನಾನೇ ಮಾಡಿದ ತಪ್ಪು ಅದು.

ಆದ್ದರಿಂದ ಆ ಸಂಜೆ, ಇಂಗ್ಲಿಷಿನಲ್ಲೇ ಹೆಸರು ಹಾಕಿಬಿಡೋಣ, ಪರವಾಗಿಲ್ಲ ಎಂದು ಇಂಜಿನಿಯರ್ ಹೇಳಿದಾಗ, ಸಾಧ್ಯವಿಲ್ಲ ಎಂದುಬಿಟ್ಟೆ. ಏಕೆ ತಿರಸ್ಕರಿಸಿತೆಂದು ನೋಡು ಎಂದೆ. ನೋಡಿದರೆ ಕಾರಣ ಒಂದು ಸಾಲು: ಹೆಸರಿನಲ್ಲಿ ಇಂಗ್ಲಿಷಿನ 26 ಅಕ್ಷರಗಳೂ ಅಂಕೆಗಳೂ ಮಾತ್ರ ಇರಬಹುದು ಎಂಬ ನಿಯಮವನ್ನು ಆ ಮಾದರಿಯನ್ನು ಬರೆದವರು ಹಾಕಿದ್ದರು. ಕಂಪ್ಯೂಟರಿಗೆ ಕನ್ನಡದ ಮೇಲೆ ಯಾವ ದ್ವೇಷವೂ ಇರಲಿಲ್ಲ. ಯೂನಿಕೋಡ್ ಸಂಕೇತಮಾಲೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ತನ್ನದಾದ ಸ್ಥಾನವಿದೆ. ಬಾಗಿಲು ಹಾಕಿದ್ದು ಒಬ್ಬ ಮನುಷ್ಯ, ಅದೂ ಯೋಚಿಸದೆ.

ಇಂಜಿನಿಯರ್ ಆ ಸಾಲನ್ನು ತಿದ್ದಿ, ಜಗತ್ತಿನ ಯಾವ ಲಿಪಿಯ ‘ಅಕ್ಷರ’ವಾದರೂ ಸರಿ ಎಂದು ಬರೆದ. 2018ರಿಂದ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಅದಕ್ಕೆ ಸೌಕರ್ಯವಿದೆಯಂತೆ. ಆದರೂ ಹುಡುಗಿಯ ಹೆಸರು ಅಮಾನ್ಯವೇ! ಹುಡುಗರು ಒಂದೊಂದೇ ಅಕ್ಷರ ಹಾಕಿ ಪರೀಕ್ಷಿಸಿದರು. ‘ಕ’ ಹೋಗುತ್ತದೆ, ‘ಕಿ’ ಹೋಗುವುದಿಲ್ಲ. ‘ಮ’ ಹೋಗುತ್ತದೆ, ‘ಮ್’ ಹೋಗುವುದಿಲ್ಲ. ಇಲ್ಲಿ ನನ್ನ ಎಂ.ಎ. ಮೊದಲ ಬಾರಿಗೆ ಉಪಯೋಗಕ್ಕೆ ಬಂದಿತು. “ಅದಕ್ಕೆ ಕಾಗುಣಿತ ಗೊತ್ತಿಲ್ಲ!” ಎಂದು ಕೂಗಿದೆ. ನಿಜವಾಗಿಯೂ ಹಾಗೆಯೇ ಇತ್ತು. ಯೂನಿಕೋಡಿನ ಲೆಕ್ಕದಲ್ಲಿ ‘ಕ’ ಅಕ್ಷರ. ಅದಕ್ಕೆ ಸೇರುವ ಗುಡಿಸು, ಕೊಂಬು, ಏತ್ವ, ವಿರಾಮಗಳು ಅಕ್ಷರಗಳಲ್ಲ, ‘ಚಿಹ್ನೆ’ ಎಂಬ ಬೇರೆ ವರ್ಗಕ್ಕೆ ಸೇರಿದವು. ಅಕ್ಷರಗಳ ಜೊತೆಗೆ ಚಿಹ್ನೆಗಳಿಗೂ ಅನುಮತಿ ಕೊಟ್ಟ ಕೂಡಲೇ ಅವಳ ಹೆಸರು ಮಾನ್ಯವಾಯಿತು. ಮಕ್ಕಳು ಕೇಕೆ ಹಾಕಿದರು. ನಾನು ಕನ್ನಡಕ ಒರೆಸಿಕೊಂಡೆ.

ಅನಂತರ ಎಲ್ಲರೂ ಹಕ್ಕಿಗಳ ಅಡ್ಡಹೆಸರು ಇಟ್ಟುಕೊಂಡರು. ಹುಡುಗಿ ‘ಕೋಗಿಲೆ’ಯಾದಳು. ಮರುದಿನ ಹೊಸ ತೊಡಕು. ತಾಯಿಯ ಮೊಬೈಲಿನಿಂದ ಒಳಬರಲು ನೋಡಿದರೆ ‘ಕೋಗಿಲೆ ಎಂಬವರು ಇಲ್ಲ’ ಎನ್ನುತ್ತದೆ. ವಾಚನಾಲಯದ ಕಂಪ್ಯೂಟರಿನ ಪಟ್ಟಿಯಲ್ಲಿ ಕೋಗಿಲೆ ಇದ್ದಾಳೆ. ಎರಡು ಪರದೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದೆವು, ಕೂದಲೆಳೆಯ ವ್ಯತ್ಯಾಸವಿಲ್ಲ. ಕೊನೆಗೆ ಹವ್ಯಕ ಹುಡುಗ ಉದ್ದ ಅಳೆಯುವ ಬುದ್ಧಿ ಮಾಡಿದ. ಮೊಬೈಲಿನ ಕೋಗಿಲೆಯಲ್ಲಿ 6 ಸಂಕೇತಗಳು, ಕಂಪ್ಯೂಟರಿನದರಲ್ಲಿ 8.

ತಪ್ಪಿತಸ್ಥ ಮತ್ತೆ ನಾನೇ! ಕಂಪ್ಯೂಟರಿನಲ್ಲಿ ನೋಂದಾಯಿಸುವಾಗ ಅವಳು ಆ ಪದವನ್ನು ಒತ್ತಿರಲಿಲ್ಲ. ನನ್ನ ಹಳೆಯ ಪಾಠಟಿಪ್ಪಣಿಯೊಂದರಿಂದ ಎತ್ತಿ ಅಂಟಿಸಿದ್ದಳು. ಆ ಟಿಪ್ಪಣಿ ಯೂನಿಕೋಡಿಗೆ ಹಿಂದಿನ ಕಾಲದ ಫಾಂಟಿನಲ್ಲಿದ್ದು, ಪರಿವರ್ತಕದ ಮೂಲಕ ಬಂದದ್ದು. ಹಳೆಯ ಫಾಂಟುಗಳಲ್ಲಿ ‘ಕೋ’ ಎಂಬುದನ್ನು ಏತ್ವ, ಕೊಂಬು, ದೀರ್ಘ ಎಂದು ತುಂಡುತುಂಡಾಗಿ ಜೋಡಿಸುತ್ತಿದ್ದೆವು. ಈಗಿನ ಕೀಲಿಮಣೆ ಅದಕ್ಕೆ ಒಂದೇ ಸಂಕೇತವನ್ನು ಕಳುಹಿಸುತ್ತದೆ. ಎರಡೂ ಒಂದೇ ಎಂದು ಯೂನಿಕೋಡ್ ಒಪ್ಪುತ್ತದೆ. ಆದರೆ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ನಾರ್ಮಲೈಸ್ ಎಂಬ ಒಂದು ಸಿದ್ಧ ಆದೇಶವಿದೆ. ಮಕ್ಕಳು ಅದನ್ನು ಸೇರಿಸಿದರು, ಕೋಗಿಲೆ ಗೂಡು ಸೇರಿದಳು. ಅರ್ಧಾಕ್ಷರದ ಕೊನೆಯಲ್ಲಿ ಕೆಲವೊಮ್ಮೆ ಬಂದು ಕೂರುವ, ಕಣ್ಣಿಗೆ ಕಾಣದ ‘ಶೂನ್ಯ ಅಗಲದ’ ಸಂಕೇತವೊಂದಿದೆ; ಅದು ಈ ಆದೇಶಕ್ಕೂ ಜಗ್ಗದು, ಬೇರೆಯಾಗಿಯೇ ತೆಗೆಯಬೇಕು. ಅಕ್ಕಲಕೋಟೆಯಲ್ಲಿರಲಿ, ತಾಳವಾಡಿಯಲ್ಲಿರಲಿ, ರಾಯದುರ್ಗದಲ್ಲಿರಲಿ, ನಿಮ್ಮ ಮಕ್ಕಳ ಹೆಸರು ಯಾವುದೋ ಅರ್ಜಿಪುಟದಲ್ಲಿ ಕಾರಣವಿಲ್ಲದೆ ‘ಹೊಂದಾಣಿಕೆಯಾಗುತ್ತಿಲ್ಲ’ ಎಂದು ಬಂದರೆ ಈ ಎರಡು ಸಂಗತಿಗಳನ್ನೂ ನೆನಪಿಡಿರಿ.

ಗುಪ್ತಪದದ ಅಧ್ಯಾಯ ಇನ್ನೂ ರಂಜಕ. ಸರ್ವರಿನಲ್ಲಿ ಗುಪ್ತಪದವನ್ನು ಇದ್ದ ಹಾಗೆ ಬರೆದಿಡುವುದು ಮಹಾಪರಾಧವಂತೆ. ತೆಂಗಿನಕಾಯಿಯನ್ನು ತುರಿದು, ರುಬ್ಬಿ, ಹಾಲು ಹಿಂಡಿದ ಮೇಲೆ ಅದರಿಂದ ಕಾಯಿಯನ್ನು ಪುನಃ ಮಾಡಲಾಗದಷ್ಟೆ? ಹಾಗೆ ಹಿಂದಿರುಗಲಾಗದಂತೆ ರುಬ್ಬಿಯೇ ಇಡಬೇಕು. ಒಳಬರುವಾಗ ಕೊಟ್ಟ ಗುಪ್ತಪದವನ್ನೂ ಅದೇ ರೀತಿ ರುಬ್ಬಿ, ಎರಡು ಹಾಲನ್ನು ಹೋಲಿಸುವುದು. 1999ರಲ್ಲಿ ರೂಪುಗೊಂಡ ಬಿಕ್ರಿಪ್ಟ್ ಎಂಬ ವಿಧಾನ ಈ ಕೆಲಸವನ್ನು ಬೇಕೆಂದೇ ನಿಧಾನವಾಗಿ ಮಾಡುತ್ತದೆ, ಕಳ್ಳನು ಕೋಟಿಗಟ್ಟಲೆ ಊಹೆಗಳನ್ನು ಬೇಗಬೇಗ ಪರೀಕ್ಷಿಸಲಾರದಂತೆ. ಪ್ರತಿಯೊಬ್ಬರ ಗುಪ್ತಪದಕ್ಕೂ ಬೇರೆ ಬೇರೆ ‘ಉಪ್ಪು’ ಬೆರೆಸುವುದರಿಂದ ಇಬ್ಬರದು ಒಂದೇ ಗುಪ್ತಪದವಾಗಿದ್ದರೂ ಫಲ ಒಂದೇ ಆಗದು.

ಕೋಗಿಲೆ ತನ್ನ ಅಜ್ಜಿ ಹೇಳುತ್ತಿದ್ದ ಒಂದು ಉದ್ದನೆಯ ಮಾತನ್ನೇ ಕನ್ನಡ ಲಿಪಿಯಲ್ಲಿ ಗುಪ್ತಪದ ಮಾಡಿಕೊಂಡಿದ್ದಳು. ಒಂದು ದಿನ ಅವಳ ತಮ್ಮ ಮಾತಿನ ಕೊನೆಯ ಎರಡು ಪದಗಳನ್ನು ತಪ್ಪಾಗಿ ಹಾಕಿದರೂ ಒಳಗೆ ಬಂದುಬಿಟ್ಟ! ಗಾಬರಿಯಿಂದ ಹುಡುಕಿದಾಗ ತಿಳಿದದ್ದು: ಬಿಕ್ರಿಪ್ಟ್ ಮೊದಲ 72 ಬೈಟ್‌ಗಳನ್ನಷ್ಟೇ ನೋಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ, ಗುಡಿಸು ಕೊಂಬುಗಳಿಗೂ ಕೂಡ, ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಅಂದರೆ ಕನ್ನಡದ 24 ಸಂಕೇತಗಳಿಗೆ ಪಾತ್ರೆ ತುಂಬಿತು, ಉಳಿದದ್ದು ಚೆಲ್ಲಿಹೋಯಿತು. 72 ಬೈಟ್ ಮೀರಿದರೆ ‘ಗುಪ್ತಪದ ಉದ್ದವಾಯಿತು’ ಎಂದು ಎಚ್ಚರಿಸುವ ಸಾಲನ್ನು ಅವಳೇ ಬರೆದಳು. ಇಂಜಿನಿಯರನ ಮುಖ ನೋಡಬೇಕಿತ್ತು. ಹನ್ನೆರಡು ವರ್ಷಗಳ ವೃತ್ತಿಯಲ್ಲಿ ತನಗೆ ಈ ಸಮಸ್ಯೆ ಎದುರಾದದ್ದೇ ಇಲ್ಲ, ಏಕೆಂದರೆ ತಾನು ಒಂದು ದಿನವೂ ಕನ್ನಡದಲ್ಲಿ ಗುಪ್ತಪದ ಹಾಕಿದವನಲ್ಲ ಎಂದ.

ಕೊನೆಯ ಪಾಠವನ್ನು ಕಲಿಸಿದ್ದು ಬ್ಯಾರಿ ಮನೆಮಾತಿನ ಹುಡುಗ. ಒಂದು ಸಂಜೆ ಜೋರು ಮಳೆ. ಚಾವಡಿಯಲ್ಲಿ ನನ್ನ ಹೆಸರಿನಲ್ಲೇ ಒಂದು ಸಂದೇಶ ಮೂಡಿತು: “ನಾಳೆ ಶಾಲೆಗೆ ರಜೆ.” ವಾಚನಾಲಯದಲ್ಲಿದ್ದ ಮಕ್ಕಳೆಲ್ಲ ಕುಣಿದಾಡಿದರು. ನಾನು ಆ ಹೊತ್ತಿಗೆ ಬಾವಿಕಟ್ಟೆಯ ಬಳಿ ಕಾಲು ತೊಳೆಯುತ್ತಿದ್ದೆ. ನಡೆದದ್ದೇನೆಂದರೆ, ಪ್ರತಿ ಸಂದೇಶದ ಜೊತೆ ಕಳುಹಿಸುವವರ ಹೆಸರನ್ನೂ ಅವರ ಪರದೆಯೇ ಕಳುಹಿಸುತ್ತಿತ್ತು, ಸರ್ವರ್ ಅದನ್ನು ನಂಬಿಬಿಡುತ್ತಿತ್ತು. ಹುಡುಗ ಆ ಹೆಸರನ್ನು ಬದಲಿಸಿದ್ದ. ಹೆಬ್ಬಾಗಿಲಿನಲ್ಲಿ ಬೀಗವಿತ್ತು, ಹಿತ್ತಿಲಿನ ಬಾಗಿಲು ತೆರೆದೇ ಇತ್ತು. ಹಾಜರಿ ಕೂಗುವಾಗ ಗೆಳೆಯನ ಪರವಾಗಿ “ಎಸ್ ಸಾರ್” ಎನ್ನುವ ಹುಡುಗರನ್ನು ನಾನು ದನಿಯಿಂದಲೇ ಹಿಡಿಯುತ್ತಿದ್ದೆ. ಸರ್ವರಿಗೆ ಆ ಕಿವಿಯಿರಲಿಲ್ಲ. ಒಳಬಂದಾಗ ಕೊಟ್ಟ ಗುರುತಿನ ಚೀಟಿಯನ್ನು ಸಾಕೆಟ್ಟಿನ ಬಾಗಿಲಲ್ಲೂ ಪರೀಕ್ಷಿಸಿ, ಹೆಸರನ್ನು ಆ ಚೀಟಿಯಿಂದಲೇ ತೆಗೆದುಕೊಳ್ಳಬೇಕು, ಕಳುಹಿಸಿದವನ ಮಾತಿನಿಂದಲ್ಲ ಎಂದು ತಿದ್ದಿದರು. ಹುಡುಗನಿಗೆ ಶಿಕ್ಷೆ ಕೊಡಲಿಲ್ಲ. ತಪ್ಪು ಕಂಡುಹಿಡಿದವನೇ ತಿದ್ದುವುದನ್ನೂ ಬರೆಯಬೇಕೆಂದೆ, ಬರೆದ.

ಈಗ ನೀವು ಕೇಳುವ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷ್ ಬೇಡವೇ? ಬೇಕು. ದೋಷಸೂಚನೆಗಳೆಲ್ಲ ಇಂಗ್ಲಿಷಿನಲ್ಲೇ ಬರುತ್ತಿದ್ದವು. ಮೂವರೂ ಸೇರಿ ಒಂದು ನೋಟುಪುಸ್ತಕದಲ್ಲಿ ಎಡಕ್ಕೆ ಆ ಇಂಗ್ಲಿಷ್ ಸಾಲನ್ನೂ ಬಲಕ್ಕೆ ಕನ್ನಡದಲ್ಲಿ ಅದರ ಅರ್ಥ, ಕಾರಣ, ಪರಿಹಾರಗಳನ್ನೂ ಬರೆಯುತ್ತ ಹೋದರು. ಮೂರು ತಿಂಗಳಲ್ಲಿ ಪುಸ್ತಕ ತುಂಬಿತು. ಅವರ ಇಂಗ್ಲಿಷ್ ಆ ವರ್ಷ ಬೆಳೆದಷ್ಟು ಯಾವ ವರ್ಷವೂ ಬೆಳೆದಿರಲಾರದು, ಏಕೆಂದರೆ ಪ್ರತಿಯೊಂದು ಸಾಲಿಗೂ ಅವರಿಗೆ ಅಗತ್ಯವಿತ್ತು. ಆದರೆ ‘ಬಾಗಿಲು ತೆರೆದೇ ಇರಲಿ’ ಎಂಬ ಕಲ್ಪನೆ ತಲೆಯೊಳಗೆ ಇಳಿದದ್ದು ಅವರು ಯೋಚಿಸುವ ಭಾಷೆಯಲ್ಲಿ. ಮಾಧ್ಯಮ ಬೇರೆ, ವಿಷಯವಾಗಿ ಕಲಿಯುವ ಭಾಷೆ ಬೇರೆ ಎಂದು ನಾನು ಸಭೆಗಳಲ್ಲಿ ಭಾಷಣ ಮಾಡಿದ್ದೆ; ಕಣ್ಣಾರೆ ಕಂಡದ್ದು ಆ ನೋಟುಪುಸ್ತಕದಲ್ಲಿ.

ಎಲ್ಲವೂ ಶುಭಾಂತವಾಯಿತೆಂದು ಹೇಳಿ ನಿಮ್ಮನ್ನು ವಂಚಿಸಲಾರೆ. ಹವ್ಯಕ ಹುಡುಗನ ತಂದೆ ಜೂನಿನಲ್ಲಿ ಟಿ.ಸಿ. ಪಡೆದರು. ಅವರಿಗೂ ಕಾರಣಗಳಿದ್ದವು: ಕನ್ನಡ ಮಾಧ್ಯಮದ ತರಗತಿಗೆ ಗಣಿತಕ್ಕೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ, ಮಗು ಪಾಠ ಕೇಳುವುದು ಯಾವ ಭಾಷೆಯಲ್ಲಿ ಎಂದು ಅವರು ಕೇಳಿದಾಗ ನಾನು ತಲೆತಗ್ಗಿಸಿದೆ. ಒಬ್ಬೊಬ್ಬ ಮಗು ಹೋದಂತೆ ಡಿವಿಜನ್ ಇಳಿಯುತ್ತದೆ, ಡಿವಿಜನ್ ಇಳಿದಂತೆ ಅಧ್ಯಾಪಕ ಹುದ್ದೆ ಹೋಗುತ್ತದೆ. ಆ ಭಾರವನ್ನೆಲ್ಲ ಒಬ್ಬ ತಂದೆಯ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆ ಹುಡುಗ ಈಗಲೂ ಶನಿವಾರ ವಾಚನಾಲಯಕ್ಕೆ ಬರುತ್ತಾನೆ, ಚಾವಡಿಯಲ್ಲಿ ಕನ್ನಡದಲ್ಲೇ ಬರೆಯುತ್ತಾನೆ.

ಕೋಗಿಲೆಯ ತಾಯಿ ಒಂದು ದಿನ ಬೀಡಿ ಕೊಟ್ಟು ಹಿಂದಿರುಗುವಾಗ ವಾಚನಾಲಯದೊಳಗೆ ಬಂದರು. ಮಗಳು ತನ್ನ ಪರದೆ ತೋರಿಸಿದಳು. ಅವರು ಹೆಚ್ಚೇನೂ ಹೇಳಲಿಲ್ಲ. “ನನ್ನ ಹೆಸರನ್ನೂ ಹಾಕಬಹುದೋ?” ಎಂದು ಕೇಳಿದರು. ಮಗಳು ತಾಯಿಯ ಬೆರಳು ಹಿಡಿದು ಒತ್ತಿಸಿದಳು. ಹೆಸರು ಒಂದೇ ಸಲಕ್ಕೆ ಮಾನ್ಯವಾಯಿತು. ಟಿ.ಸಿ.ಯ ಮಾತು ಮತ್ತೆ ಬರಲಿಲ್ಲ, ನಾನೂ ಕೇಳಲಿಲ್ಲ. ಹುಡುಗಿ ಈಗ ಹತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲೇ ಇದ್ದಾಳೆ.

ಟಿ.ಸಿ. ಅರ್ಜಿ ಬರೆಯುವ ಮೊದಲು ನಿಮ್ಮ ಶಾಲೆಗೊಮ್ಮೆ ಹೋಗಿ ಕೇಳಿರಿ. ಕಂಪ್ಯೂಟರ್ ಕೊಠಡಿಯ ಬೀಗ ವಾರಕ್ಕೆ ಎಷ್ಟು ದಿನ ತೆರೆಯುತ್ತದೆ? ಮಾಹಿತಿ ತಂತ್ರಜ್ಞಾನದ ಪಠ್ಯ ಕನ್ನಡದಲ್ಲಿ ಮಕ್ಕಳ ಕೈಗೆ ಬಂದಿದೆಯೇ? ಕೇರಳದಲ್ಲಿರುವವರು 2018ರಿಂದ ನಡೆಯುತ್ತಿರುವ ಲಿಟಲ್ ಕೈಟ್ಸ್ ಘಟಕ ನಿಮ್ಮ ಪ್ರೌಢಶಾಲೆಯಲ್ಲಿದೆಯೇ ಎಂದು ವಿಚಾರಿಸಿರಿ. ಇಲ್ಲವೆಂಬ ಉತ್ತರ ಬಂದರೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅದನ್ನೇ ಎತ್ತಿರಿ. ಇನ್ನೊಂದು: ಹತ್ತನೆಯ ತರಗತಿಯ ಹೆಸರುಪಟ್ಟಿ ಹೋಗುವ ಮೊದಲು, ಎಷ್ಟೇ ಕೆಲಸವಿರಲಿ, ನೀವೇ ಹೋಗಿ ನಿಮ್ಮ ಮಗುವಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿರಿ. ಮಾಸ್ತರು ಪರವಾಗಿಲ್ಲ ಎಂದರೆ ಒಪ್ಪಬೇಡಿರಿ.

ನಿಮ್ಮ ಊರಿನ ವಾಚನಾಲಯದಲ್ಲಿಯೂ ಇಂಥದೊಂದನ್ನು ಮಾಡುವ ಮನಸ್ಸಿದ್ದರೆ ಕೆಳಗೆ ತಿಳಿಸಿರಿ. ಆ ನೋಟುಪುಸ್ತಕದ ನಕಲನ್ನು ಕೋಗಿಲೆ ಕಳುಹಿಸಿಕೊಡುತ್ತಾಳಂತೆ.

ಇತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ